ದಣಿದ ಗಮನಕ್ಕೆ ಮರದ ನೆರಳು



ಒಂದು ತಾಸು ಸತತವಾಗಿ ಲೆಕ್ಕ ಬಿಡಿಸಿದ ಮೇಲೆ ಏನಾಗುತ್ತದೆ? ಸುಲಭದ ಕೂಡುವ ಲೆಕ್ಕವೂ ತಪ್ಪುತ್ತದೆ. ಗುರುಗಳ ಮಾತು ಕಿವಿಗೆ ಬೀಳುತ್ತದೆ, ತಲೆಗೆ ಹೋಗುವುದಿಲ್ಲ. “ಲಕ್ಷ್ಯ ಎಲ್ಲಿದೆ?” ಎಂದು ಬೈಸಿಕೊಳ್ಳುತ್ತೀರಿ. ಆಗ ನೀವು ಸೋಮಾರಿಗಳಾಗಿರುವುದಿಲ್ಲ. ನಿಮ್ಮ ಗಮನ ದಣಿದಿರುತ್ತದೆ.

ಗಮನವೂ ದಣಿಯುತ್ತದೆಯೇ?

ಹೌದು. ಗಮನದಲ್ಲಿ ಎರಡು ಬಗೆ. ಲೆಕ್ಕ ಮಾಡುವಾಗ, ರಸ್ತೆ ದಾಟುವಾಗ ನಾವು ಪ್ರಯತ್ನಪಟ್ಟು ಗಮನ ಕೊಡುತ್ತೇವೆ. ಇದು ಬೇಗ ದಣಿಯುತ್ತದೆ. ಅಲುಗಾಡುವ ಎಲೆ, ಓಡುವ ಅಳಿಲು ನಮ್ಮ ಗಮನವನ್ನು ತಾವೇ ಸೆಳೆಯುತ್ತವೆ. ಇದಕ್ಕೆ ಶ್ರಮ ಬೇಕಿಲ್ಲ. ಆ ಹೊತ್ತಿನಲ್ಲಿ ಮೊದಲನೆಯ ಬಗೆಯ ಗಮನಕ್ಕೆ ವಿಶ್ರಾಂತಿ ಸಿಗುತ್ತದೆ. ಅಮೆರಿಕದ ಮನೋವಿಜ್ಞಾನಿಗಳಾದ ರೇಚಲ್ ಕಪ್ಲಾನ್ ಮತ್ತು ಸ್ಟೀಫನ್ ಕಪ್ಲಾನ್ ದಂಪತಿ 1989ರ ತಮ್ಮ ಗ್ರಂಥದಲ್ಲಿ ಇದನ್ನು ವಿವರಿಸಿದರು.

ಊರ ನಡುವಿನ ಕಾಡು

ನಗರದಲ್ಲಿ ಹಾರ್ನ್, ವಾಹನ, ಜನಸಂದಣಿ ಪ್ರತಿ ಕ್ಷಣ ಗಮನ ಬೇಡುತ್ತವೆ. ಆದ್ದರಿಂದ ಅಲ್ಲಿನವರು ಮರಗಳನ್ನು ಹುಡುಕಿಕೊಂಡು ಹೋಗುತ್ತಾರೆ. ಬೆಳಗಾವಿಯ ಟಿಳಕವಾಡಿಯಲ್ಲಿ ಹಿಂದೆ ಸಿಡುಬಿನ ಲಸಿಕೆ ತಯಾರಾಗುತ್ತಿದ್ದ ವ್ಯಾಕ್ಸಿನ್ ಡಿಪೋದ ಮರಗಳ ನಡುವೆ ಜನ ವಾಯುವಿಹಾರ ಮಾಡುತ್ತಾರೆ. ಬೆಂಗಳೂರಿಗರಿಗೆ 1870ರಲ್ಲಿ ನಿರ್ಮಾಣವಾದ ಕಬ್ಬನ್ ಉದ್ಯಾನವಿದೆ.

ಪುರಾವೆ ಏನು?

ಅಮೆರಿಕದ ರೋಜರ್ ಉಲ್ರಿಚ್ ಎಂಬ ವಿಜ್ಞಾನಿ ಪಿತ್ತಕೋಶದ ಶಸ್ತ್ರಚಿಕಿತ್ಸೆಯಾದ 46 ರೋಗಿಗಳ ದಾಖಲೆ ಪರಿಶೀಲಿಸಿದರು. 23 ಜನರ ಕಿಟಕಿಯಿಂದ ಮರಗಳು, ಉಳಿದ 23 ಜನರ ಕಿಟಕಿಯಿಂದ ಇಟ್ಟಿಗೆ ಗೋಡೆ ಕಾಣುತ್ತಿತ್ತು. ಮರ ಕಂಡವರು ಬೇಗ ಮನೆಗೆ ಹೋದರು. ಅವರಿಗೆ ಬಲವಾದ ನೋವಿನ ಔಷಧಿಯೂ ಕಡಿಮೆ ಸಾಕಾಯಿತು. ಈ ಫಲಿತಾಂಶ 1984ರಲ್ಲಿ ಪ್ರಕಟವಾಯಿತು.

2008ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ ಮರಗಳ ನಡುವೆ ನಡೆದು ಬಂದವರು ಅಂಕಿಗಳನ್ನು ಹಿಂದುಮುಂದಾಗಿ ಹೇಳುವ ಪರೀಕ್ಷೆಯಲ್ಲಿ ಸುಧಾರಿಸಿದರು. ನಗರದ ರಸ್ತೆಯಲ್ಲಿ ನಡೆದಾಗ ಅಂಥ ಸುಧಾರಣೆ ಕಾಣಲಿಲ್ಲ.

ಮಾಡಿ ನೋಡಿ

ಅದೇ ಪರೀಕ್ಷೆಯನ್ನು ನೀವೂ ಮಾಡಬಹುದು. ಗೆಳೆಯ 4-9-2-7 ಎಂದರೆ ನೀವು 7-2-9-4 ಎನ್ನಬೇಕು. ಒಂದೊಂದೇ ಅಂಕಿ ಹೆಚ್ಚಿಸುತ್ತಾ ಎಷ್ಟು ಅಂಕಿಗಳವರೆಗೆ ತಪ್ಪಿಲ್ಲದೆ ಹೇಳಿದಿರಿ ಎಂದು ಬರೆದಿಡಿ. ನಂತರ ಅರ್ಧ ಮಕ್ಕಳು 20 ನಿಮಿಷ ಮರದ ಕೆಳಗೆ, ಉಳಿದವರು ಅಷ್ಟೇ ಹೊತ್ತು ಗೋಡೆಗೆ ಮುಖ ಮಾಡಿ ಕುಳಿತುಕೊಳ್ಳಿ. ಹೊಸ ಅಂಕಿಗಳೊಂದಿಗೆ ಪುನಃ ಪರೀಕ್ಷಿಸಿ. ಮರುದಿನ ಗುಂಪುಗಳನ್ನು ಅದಲುಬದಲು ಮಾಡಿ. ಏಕೆ? ಎರಡನೆಯ ಸಲದ ಸುಧಾರಣೆ ಬರಿಯ ರೂಢಿಯಿಂದಲೂ ಬಂದಿರಬಹುದಲ್ಲವೇ!

ದಿಗ್ಗೇವಾಡಿಯ ಮಕ್ಕಳೇ, ನಿಮ್ಮೂರು ನಗರವಲ್ಲ. ಆದರೂ ಕಬ್ಬಿನ ಟ್ರ್ಯಾಕ್ಟರುಗಳ ಹಾಡಿನ ಅಬ್ಬರದಲ್ಲಿ ಓದುವುದು ಕಷ್ಟವೆಂದು ನಿಮಗೆ ಗೊತ್ತು. ನಾನು ಭೇಟಿ ಕೊಟ್ಟ ಒಂದು ಶಾಲೆಯಲ್ಲಿ ಎಲೆ ಉದುರಿ ಕಸವಾಗುತ್ತದೆಂದು ಬೇವಿನ ಮರ ಕಡಿಸಿದ್ದರು. ಮುಂದಿನ ಸಲ ಹೋದಾಗ ಅಂಗಳ ಸ್ವಚ್ಛವಾಗಿತ್ತು. ಮಕ್ಕಳು ಮಾತ್ರ ಬಿಡುವಿನ ವೇಳೆಯಲ್ಲಿ ಗೋಡೆಯ ಗೇಣು ನೆರಳಿಗೆ ಒತ್ತಿಕೊಂಡು ನಿಂತಿದ್ದರು.

ಯೋಚಿಸಿ: ನಿಮ್ಮ ಶಾಲೆಯಲ್ಲಿ ದಣಿದ ಗಮನಕ್ಕೆ ನೆರಳು ಕೊಡುವ ಮರ ಯಾವುದು? ಅದಕ್ಕೆ ಬೇಸಿಗೆಯಲ್ಲಿ ನೀರು ಹಾಕುವವರು ಯಾರು?