ಕಚೇರಿಯ ನುಡಿ, ಜನರ ನುಡಿ
(ಇಂಗ್ಲಿಷ್ ಅಧಿಕೃತ ಭಾಷೆಯಾಗಬೇಕೆಂಬ ವಾದವನ್ನು ಕುರಿತು)

ನಮ್ಮ ಕೊಪ್ಪಳ ಸೀಮೆಯ ಹಳೆಯ ಮನೆಗಳ ಅಟ್ಟದ ಮೇಲೆ, ಪೆಟ್ಟಿಗೆಯೊಳಗೆ ಬಟ್ಟೆಯಲ್ಲಿ ಸುತ್ತಿಟ್ಟ ಉರ್ದು ಕಾಗದಗಳು ಇಂದಿಗೂ ದೊರೆಯುವುದುಂಟು. ಅದು ತಮ್ಮ ಹೊಲದ ಕಾಗದವೆಂಬುದು ಮನೆಯವರಿಗೆ ಗೊತ್ತು. ಅದರಲ್ಲೇನು ಬರೆದಿದೆಯೆಂಬುದು ಗೊತ್ತಿಲ್ಲ. ಅಜ್ಜನಿಗೂ ಗೊತ್ತಿರಲಿಲ್ಲ. ಓದಬಲ್ಲವನು ಓದಿ ಹೇಳಿದ್ದನ್ನು ನಂಬಿ ಹೆಬ್ಬೆಟ್ಟು ಒತ್ತಿದ್ದನು. ಇಂಗ್ಲಿಷನ್ನು ರಾಷ್ಟ್ರದ ಅಧಿಕೃತ ಭಾಷೆಯನ್ನಾಗಿ ಮಾಡಬೇಕೆ ಎಂಬ ಚರ್ಚೆ ನಡೆದಾಗಲೆಲ್ಲ ನನಗೆ ನೆನಪಾಗುವುದು ಈ ಪೆಟ್ಟಿಗೆ. ಮಂಗಳೂರು ಎಂದೊಡನೆ ಹೊರಗಿನವರು ಕಡಲತೀರವನ್ನು ನೆನೆಯುತ್ತಾರೆ. ನಮ್ಮದು ಎರೆಯ ನೆಲದ ಮಂಗಳೂರು. ನಿಜಾಮನ ಆಳಿಕೆಯಲ್ಲಿದ್ದ ನಾಡು. ಆದುದರಿಂದ ಪರಭಾಷೆಯ ಆಡಳಿತವೆಂದರೇನು ಎಂಬುದು ನಮಗೆ ಬರಿಯ ಪುಸ್ತಕದ ವಿಷಯವಲ್ಲ.

ಈ ನೆಲದಲ್ಲಿ ಆಡಳಿತದ ನುಡಿಯೂ ಜನರ ನುಡಿಯೂ ಬೇರೆಯಾಗಿದ್ದುದು ಬಹು ಹಿಂದಿನಿಂದ ಬಂದ ಸಂಗತಿ. ಕೊಪ್ಪಳದ ಗವಿಮಠದ ಬೆಟ್ಟದಲ್ಲಿಯೂ ಪಾಲ್ಕಿಗುಂಡಿನಲ್ಲಿಯೂ ಕ್ರಿ. ಪೂ. ಮೂರನೆಯ ಶತಮಾನದ ಅಶೋಕನ ಶಾಸನಗಳಿವೆ. ಅವುಗಳ ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಆದರೆ ಅರಸನಿಗೆ ಒಂದು ವಿವೇಕವಿತ್ತು. ಆಂಧ್ರದ ಎರ್ರಗುಡಿಯಲ್ಲಿ ದೊರೆತ ಇಂಥದೇ ಶಾಸನದಲ್ಲಿ, ಭೇರಿ ಹೊಡೆಸಿ ಜನರನ್ನು ಕೂಡಿಸಿ ಈ ಆಜ್ಞೆಯನ್ನು ತಿಳಿಸಬೇಕೆಂದು ಅಧಿಕಾರಿಗಳಿಗೆ ಅಪ್ಪಣೆಯಿದೆ. ಕಲ್ಲಿನ ಮೇಲೆ ಬರೆಸಿದ ಮಾತ್ರಕ್ಕೆ ಜನರಿಗೆ ತಿಳಿಯಿತೆಂದು ಅವನು ಭಾವಿಸಲಿಲ್ಲ. ಮುಂದೆ ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ವು ತಿರುಳ್ಗನ್ನಡದ ನಾಡನ್ನು ಗುರುತಿಸುವಾಗ ಕೊಪಣವನ್ನು, ಎಂದರೆ ನಮ್ಮ ಕೊಪ್ಪಳವನ್ನು, ಹೆಸರಿಸಿತು. 1112ರ ಇಟಗಿಯ ಮಹಾದೇವ ದೇವಾಲಯದ ಶಾಸನ ಕನ್ನಡದಲ್ಲಿಯೇ ಇದೆ. ಆಳುವವರ ನುಡಿಯೂ ಉಳುವವರ ನುಡಿಯೂ ಒಂದಾಗಿದ್ದ ಕಾಲವೂ ನಮಗಿತ್ತೆಂಬುದಕ್ಕೆ ಇಷ್ಟು ಸಾಕು.

ಹೈದರಾಬಾದು ಸಂಸ್ಥಾನದಲ್ಲಿ ಮೊದಲು ಪಾರಸಿಯು ಕಚೇರಿ ಭಾಷೆಯಾಗಿತ್ತು. 1880ರ ದಶಕದಲ್ಲಿ ಉರ್ದು ಅದರ ಸ್ಥಾನಕ್ಕೆ ಬಂದಿತು. ಸಂಸ್ಥಾನದ ಬಹುಸಂಖ್ಯಾತ ಪ್ರಜೆಗಳು ತೆಲುಗು, ಮರಾಠಿ, ಕನ್ನಡ ಮಾತನಾಡುವವರು. 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯವು ಉರ್ದುವನ್ನೇ ಬೋಧನ ಮಾಧ್ಯಮವನ್ನಾಗಿ ಮಾಡಿಕೊಂಡಿತು. ಅದಕ್ಕಾಗಿಯೇ ಏರ್ಪಟ್ಟ ಅನುವಾದ ವಿಭಾಗವು ವಿಜ್ಞಾನ, ಇತಿಹಾಸ ಮೊದಲಾದ ಶಾಸ್ತ್ರಗ್ರಂಥಗಳನ್ನು ಉರ್ದುವಿಗೆ ತಂದಿತು. ದೇಶಭಾಷೆಯಲ್ಲಿ ಉನ್ನತ ವಿದ್ಯೆ ಅಸಾಧ್ಯವೆನ್ನುವವರಿಗೆ ಇದೊಂದು ಉತ್ತರ. ಆ ಸಾಹಸವನ್ನು ನಾವು ಗೌರವಿಸಲೇಬೇಕು. ಉರ್ದು ಹೀನ ಭಾಷೆಯೂ ಅಲ್ಲ, ನಮಗೆ ಹೊರಗಿನದೂ ಅಲ್ಲ. ನಮ್ಮ ಓಣಿಗಳಲ್ಲಿ ಅದು ಮನೆಮಾತು. ತೊಡಕು ಇದ್ದುದು ಬೇರೆ ಕಡೆ. ಅರ್ಜಿ ಕೊಡುವ ಕನ್ನಡಿಗ ರೈತನಿಗೆ ತನ್ನ ಅರ್ಜಿಯನ್ನೇ ಓದಲು ಬಾರದು. ಅರ್ಜಿ, ವಕೀಲ, ದಫ್ತರ, ತಹಸೀಲ್ದಾರ, ಜಮಾಬಂದಿ ಎಂಬ ಮಾತುಗಳು ಇಂದಿಗೂ ನಮ್ಮ ನಾಲಗೆಯ ಮೇಲಿವೆ. ಕಚೇರಿಯ ಹೊರಗೆ ಕಾದು ನಿಂತು ಕಲಿತ ಮಾತುಗಳಿವು.

1948ರ ಸೆಪ್ಟೆಂಬರಿನಲ್ಲಿ ನಿಜಾಮನ ಆಳಿಕೆ ಮುಗಿಯಿತು. ಉರ್ದು ಹಿಂದೆ ಸರಿದಲ್ಲಿ ಇಂಗ್ಲಿಷ್ ಬಂದಿತು. 1956ರಲ್ಲಿ ನಮ್ಮ ತಾಲೂಕುಗಳು ಮೈಸೂರು ರಾಜ್ಯಕ್ಕೆ ಸೇರಿದವು. 1963ರ ರಾಜ್ಯ ಕಾಯಿದೆ ಕನ್ನಡವನ್ನು ಆಡಳಿತ ಭಾಷೆಯೆಂದು ಸಾರಿತು. 1930ರ ಸುಮಾರಿಗೆ ಇಲ್ಲಿ ಹುಟ್ಟಿದವನೊಬ್ಬನು, ಊರು ಬಿಟ್ಟು ಕದಲದೆಯೇ, ಒಂದೇ ಆಯುಷ್ಯದಲ್ಲಿ ಮೂರು ಕಚೇರಿ ಭಾಷೆಗಳನ್ನು ಕಂಡನು.

ಇನ್ನು ರಾಷ್ಟ್ರದ ಮಾತು. ಸಂವಿಧಾನ ರಚನಾ ಸಭೆಯು 1949ರ ಸೆಪ್ಟೆಂಬರ್ 14ರಂದು ದೇವನಾಗರಿ ಲಿಪಿಯ ಹಿಂದಿಯನ್ನು ಒಕ್ಕೂಟದ ಅಧಿಕೃತ ಭಾಷೆಯೆಂದು ಒಪ್ಪಿತು. ಸಂವಿಧಾನ ಜಾರಿಗೆ ಬಂದ ಹದಿನೈದು ವರ್ಷಗಳವರೆಗೆ ಇಂಗ್ಲಿಷೂ ನಡೆಯಲೆಂದಿತು. ಆ ಅವಧಿ 1965ರ ಜನವರಿ 26ಕ್ಕೆ ತೀರುವುದಿತ್ತು. ಇಂಗ್ಲಿಷನ್ನೇ ಉಳಿಸಬೇಕೆಂದು ಗಟ್ಟಿಯಾಗಿ ವಾದಿಸಿದವರಲ್ಲಿ ರಾಜಾಜಿಯವರು ಪ್ರಮುಖರು. 1937ರಲ್ಲಿ ಮದರಾಸಿನ ಪ್ರಧಾನಿಯಾದ ಬಳಿಕ ಶಾಲೆಗಳಲ್ಲಿ ಹಿಂದಿಯನ್ನು ಕಡ್ಡಾಯಗೊಳಿಸಲು ಹೊರಟವರೂ ಅವರೇ! ಇದನ್ನು ಚಂಚಲತೆಯೆನ್ನುವುದು ಸುಲಭ; ಅನುಭವದಿಂದ ಮನಸ್ಸು ಬದಲಿಸಿದರೆನ್ನುವುದು ನ್ಯಾಯ. ಹಿಂದಿಯಾದರೆ ಕೆಲವರಿಗೆ ತಾಯ್ನುಡಿ, ಉಳಿದವರಿಗೆ ಕಲಿತ ನುಡಿ. ಇಂಗ್ಲಿಷಾದರೆ ಎಲ್ಲರೂ ಕಲಿತೇ ಬರಬೇಕು, ಎಲ್ಲರ ಹೊರೆಯೂ ಸಮ ಎಂಬುದು ಆ ಪಕ್ಷದ ತರ್ಕ. ಕನ್ನಡಿಗನು ಈ ತರ್ಕವನ್ನು ತಳ್ಳಿಹಾಕಲಾರನು.

1963ರ ಕೇಂದ್ರ ಕಾಯಿದೆಯಲ್ಲಿ ಇಂಗ್ಲಿಷ್ ‘ಮುಂದುವರಿಯಬಹುದು’ ಎಂದಿತ್ತು. ಆ ‘ಬಹುದು’ ಸಾಲದು, ‘ಮುಂದುವರಿಯಲೇಬೇಕು’ ಎಂದಿರಲಿ ಎಂದು ದಕ್ಷಿಣದವರು ಬೇಡಿದರು. 1965ರಲ್ಲಿ ಮದರಾಸು ರಾಜ್ಯ ಹೊತ್ತಿ ಉರಿಯಿತು, ಪ್ರಾಣಗಳು ಹೋದವು. ಹಿಂದಿಯನ್ನು ಅಂಗೀಕರಿಸದ ರಾಜ್ಯಗಳ ಶಾಸನಸಭೆಗಳೆಲ್ಲ ಒಪ್ಪುವವರೆಗೆ ಇಂಗ್ಲಿಷಿನ ಬಳಕೆ ನಿಲ್ಲದೆಂಬ ಭರವಸೆ 1967ರ ತಿದ್ದುಪಡಿಯಲ್ಲಿ ಬಂದಿತು. ಇಂದಿನ ಸ್ಥಿತಿಯೂ ಅದೇ.

ಆದರೂ ಹೊರೆ ಸಮವೆಂಬ ಮಾತು ಯಾರನ್ನು ಕುರಿತದ್ದು? ದೆಹಲಿಯ ಹುದ್ದೆಗಾಗಿ ಪರೀಕ್ಷೆಗೆ ಕೂಡುವ ತಮಿಳನಿಗೂ ಹಿಂದಿಯವನಿಗೂ ಅದು ಸಮವಿರಬಹುದು. ಕಚೇರಿಯ ಒಳಗಿನವನಿಗೂ ಹೊರಗೆ ನಿಂತವನಿಗೂ ಅದು ಸಮವೆ? 2011ರ ಜನಗಣತಿಯಂತೆ ಇಂಗ್ಲಿಷನ್ನು ಮಾತೃಭಾಷೆಯೆಂದು ಬರೆಸಿದವರು ಭಾರತದಲ್ಲಿ ಸುಮಾರು 2.6 ಲಕ್ಷ; ಕನ್ನಡವನ್ನು ಬರೆಸಿದವರು 4.37 ಕೋಟಿ. ಅಮೆರಿಕೆಯ ಸಂವಿಧಾನ ಯಾವ ಭಾಷೆಯನ್ನೂ ಅಧಿಕೃತವೆಂದು ಹೆಸರಿಸಿರಲಿಲ್ಲ. 2025ರ ಮಾರ್ಚಿನಲ್ಲಿ ಅಲ್ಲಿಯ ಅಧ್ಯಕ್ಷರು ಆಜ್ಞೆಯ ಮೂಲಕ ಇಂಗ್ಲಿಷನ್ನು ಹಾಗೆ ಸಾರಿದರು. ಅಲ್ಲಿ ಅದು ಬಹುಜನರ ಮನೆಮಾತು, ಅಲ್ಪಸಂಖ್ಯಾತರ ಕಷ್ಟ ಬೇರೆಯದು. ನಾಗಾಲ್ಯಾಂಡು 1967ರಲ್ಲಿ ಇಂಗ್ಲಿಷನ್ನು ಆಯ್ದುಕೊಂಡಿತು. ಹಲವು ಬುಡಕಟ್ಟುಗಳ ಹಲವು ನುಡಿಗಳ ನಡುವೆ ಅವರಿಗೆ ಬೇರೆ ದಾರಿ ಕಾಣಲಿಲ್ಲ. ಈ ಎರಡು ಕಾರಣಗಳೂ ಯಲಬುರ್ಗಿಗೆ ಹೊಂದವು.

ವಿದ್ಯಾರ್ಥಿಗಳು ಇಂಗ್ಲಿಷನ್ನು ಚೆನ್ನಾಗಿ ಕಲಿಯಬೇಕೆಂಬುದರಲ್ಲಿ ನನಗೆ ಸಂಶಯವಿಲ್ಲ. ಅದು ಜ್ಞಾನದ ಭಾಷೆ, ಹೊರನಾಡಿನೊಡನೆ ವ್ಯವಹರಿಸುವ ಭಾಷೆ. ದೆಹಲಿಗೂ ಬೆಂಗಳೂರಿಗೂ ನಡುವೆ ಅದೇ ಇದ್ದರೂ ನಮಗೆ ಹಾನಿಯಿಲ್ಲ. ಆದರೆ ವಿದ್ಯೆಗಾಗಿ ಕಲಿಯುವ ಭಾಷೆ ಒಂದು, ನಮ್ಮ ಮೇಲೆ ಅಧಿಕಾರ ನಡೆಸುವ ಭಾಷೆ ಇನ್ನೊಂದು. ಇವೆರಡನ್ನೂ ಬೆರೆಸಿ ವಾದಿಸುವುದರಿಂದಲೇ ನಮ್ಮಲ್ಲಿ ಈ ಚರ್ಚೆ ಪ್ರತಿ ಸಲವೂ ಕೆಡುತ್ತದೆ.

ನಮ್ಮ ಸೀಮೆಯ ಹೊಲದ ವ್ಯಾಜ್ಯವೊಂದನ್ನು ನೋಡಿರಿ. ಸಾಕ್ಷಿಯವನು ಕೆಳ ನ್ಯಾಯಾಲಯದಲ್ಲಿ ಕನ್ನಡದಲ್ಲಿ ನುಡಿಯುತ್ತಾನೆ. ಮೇಲ್ಮನವಿಯು ಉಚ್ಚ ನ್ಯಾಯಾಲಯಕ್ಕೆ ಹೋದರೆ, ಕೊಪ್ಪಳ ಜಿಲ್ಲೆಯ ಪೀಠ ಧಾರವಾಡದಲ್ಲಿದೆ. 2008ರಿಂದ ಅಲ್ಲಿ ಕಲಾಪ ನಡೆಯುತ್ತಿರುವುದು ದೊಡ್ಡ ಅನುಕೂಲವೇ. ಊರು ಹತ್ತಿರವಾಯಿತು, ಭಾಷೆ ಹತ್ತಿರವಾಗಲಿಲ್ಲ. ಸಂವಿಧಾನದ 348ನೆಯ ವಿಧಿಯಂತೆ ಉಚ್ಚ ನ್ಯಾಯಾಲಯಗಳ ಭಾಷೆ ಇಂಗ್ಲಿಷ್. ರಾಷ್ಟ್ರಪತಿಗಳ ಪೂರ್ವಸಮ್ಮತಿಯಿಂದ ಉತ್ತರ ಪ್ರದೇಶ, ಬಿಹಾರ, ರಾಜಸ್ಥಾನ, ಮಧ್ಯಪ್ರದೇಶಗಳ ಉಚ್ಚ ನ್ಯಾಯಾಲಯಗಳಲ್ಲಿ ಹಿಂದಿಗೆ ಅವಕಾಶ ದೊರೆತಿದೆ. ಕನ್ನಡಕ್ಕೆ ಅದು ದೊರೆತಿಲ್ಲ. ತೀರ್ಪು ಹೊರಬಿದ್ದಾಗ ಕಕ್ಷಿದಾರನು ವಕೀಲರ ಮುಖವನ್ನು ನೋಡುತ್ತಾನೆ. ಗೆದ್ದೆನೋ ಸೋತೆನೋ ಎಂಬುದು ಅವರ ಬಾಯಿಂದ ತಿಳಿಯುತ್ತದೆ. ಏಕೆ ಸೋತೆನೆಂಬುದು ಬಹಳ ಸಲ ತಿಳಿಯುವುದೇ ಇಲ್ಲ.

2019ರಿಂದ ಸರ್ವೋಚ್ಚ ನ್ಯಾಯಾಲಯವು ತನ್ನ ಆಯ್ದ ತೀರ್ಪುಗಳ ಕನ್ನಡ ಅನುವಾದವನ್ನು ಪ್ರಕಟಿಸುತ್ತಿದೆ. ಒಳ್ಳೆಯ ಆರಂಭ. ಆದರೆ ಅನುವಾದವು ತಿಳಿವಳಿಕೆಗೆ ಮಾತ್ರ. ಅರ್ಥದಲ್ಲಿ ಭೇದ ಬಂದರೆ ನಿಲ್ಲುವುದು ಇಂಗ್ಲಿಷಿನ ಮಾತು. ಅಟ್ಟದ ಪೆಟ್ಟಿಗೆಗೆ ಈಗಲೂ ಹೊಸ ಕಾಗದಗಳು ಸೇರುತ್ತಿವೆ.