ಅವಳಿ ಬಸುರಿಗೆ ವಿಮಾನ: ತಿಂಗಳು ಬಿಡಿ, ವಾರ ಎಣಿಸಿ

ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು ಎನ್ನುವುದು ನಮ್ಮ ಕಡೆ ಯಾರೂ ಪ್ರಶ್ನಿಸದ ಪದ್ಧತಿ. ಗುಡಗೇರಿಯ ಮಗಳನ್ನು ಲಕ್ಷ್ಮೇಶ್ವರಕ್ಕೋ ಸವಣೂರಿಗೋ ಕೊಟ್ಟಿದ್ದರೆ ಒಂದು ಬಸ್ಸಿನಲ್ಲಿ ಮುಗಿಯುವ ಮಾತು. ಈಗ ಅಳಿಯಂದಿರು ದುಬೈನಲ್ಲಿ, ಮ್ಯೂನಿಕ್‌ನಲ್ಲಿ, ಡಲ್ಲಾಸ್‌ನಲ್ಲಿ ಇರುತ್ತಾರೆ. ಅದರ ಮೇಲೆ ಸ್ಕ್ಯಾನಿಂಗ್‌ನಲ್ಲಿ ‘ಎರಡು ಅದಾವ’ ಎಂದು ತಿಳಿದರೆ ಊರಿನಿಂದ ಒಂದೇ ಸಮನೆ ಫೋನು: ‘ಏಳು ತುಂಬಿದ ಮ್ಯಾಲೆ ಬರ್ಲಿ, ಕುಬಸ ಮಾಡಿ ಇಲ್ಲೇ ಇಟ್ಟುಕೊಳ್ಳೂಣು.’ ಒಂದೇ ಕೂಸಿದ್ದರೆ ಈ ಲೆಕ್ಕ ಹೇಗೋ ನಡೆದುಹೋದೀತು. ಅವಳಿ ಕೂಸುಗಳಿದ್ದರೆ ನಡೆಯುವುದಿಲ್ಲ. ವಿಮಾನ ನಿಲ್ದಾಣದ ಕೌಂಟರಿನಿಂದ ಮಗಳು ಅಳುತ್ತಾ ಮನೆಗೆ ಮರಳುವುದು ಈ ಲೆಕ್ಕದಿಂದಲೇ.

ಟಿಕೆಟ್‌ಗೂ ಮೊದಲು ವೈದ್ಯರ ಬಳಿ ಹೋಗಿ, ಎರಡು ಕೂಸುಗಳಿಗೆ ಒಂದೇ ಮಾಸುವೋ, ಬೇರೆ ಬೇರೆಯೋ ಎಂದು ಕೇಳಿ. ಬೇರೆ ಬೇರೆ ಇದ್ದರೆ ಸಾಮಾನ್ಯವಾಗಿ ನಾಲ್ಕು ವಾರಕ್ಕೊಮ್ಮೆ ಸ್ಕ್ಯಾನ್; ಒಂದೇ ಇದ್ದರೆ 16ನೇ ವಾರದಿಂದ ಎರಡು ವಾರಕ್ಕೊಮ್ಮೆ ಬೇಕು. ಒಂದು ಕೂಸಿನ ರಕ್ತ ಇನ್ನೊಂದಕ್ಕೆ ಹರಿಯುವ ತೊಂದರೆ ಕಾಣಿಸಿಕೊಳ್ಳುವುದು ಇಂಥ ಬಸುರಿನಲ್ಲೇ. ಪ್ರಯಾಣದ ಗಡಿಬಿಡಿಯಲ್ಲಿ ಆ ಸ್ಕ್ಯಾನ್ ತಪ್ಪಬಾರದು. ರಕ್ತಸ್ರಾವ, ಏರಿದ ಬಿ.ಪಿ., ಗರ್ಭದ ಬಾಯಿ ಗಿಡ್ಡಾಗಿರುವುದು, ಹಿಮೋಗ್ಲೋಬಿನ್ 7.5ಕ್ಕಿಂತ ಕೆಳಗಿರುವುದು, ಇವುಗಳಲ್ಲಿ ಯಾವುದೇ ಇದ್ದರೂ ಪ್ರಯಾಣದ ಮಾತನ್ನು ಅಲ್ಲಿಗೇ ಬಿಡಿ. ಮೇಲೆ ಹಾರುವಾಗ ವಿಮಾನದೊಳಗಿನ ಗಾಳಿ ಆರರಿಂದ ಎಂಟು ಸಾವಿರ ಅಡಿ ಎತ್ತರದ ಗುಡ್ಡದ ಮೇಲಿನಷ್ಟೇ ತೆಳುವಾಗಿರುತ್ತದೆ. ಆರೋಗ್ಯವಂತ ಬಸುರಿ ಅದನ್ನು ತಾಳಿಕೊಳ್ಳುತ್ತಾಳೆ, ರಕ್ತಹೀನತೆ ಇದ್ದವಳಿಗೆ ಕಷ್ಟ.

ಈಗ ಲೆಕ್ಕಕ್ಕೆ ಬರೋಣ. ಮನೆಯ ಹಿರಿಯರು ಎಣಿಸುವುದು ಮುಟ್ಟು ನಿಂತ ತಿಂಗಳಿಂದ. ವೈದ್ಯರೂ ವಿಮಾನ ಕಂಪನಿಗಳೂ ಎಣಿಸುವುದು ಕೊನೆಯ ಮುಟ್ಟಿನ ಮೊದಲ ದಿನದಿಂದ, ಅದೂ ವಾರಗಳಲ್ಲಿ. ಕೊನೆಯ ಮುಟ್ಟು 2025ರ ಜನವರಿ 1ರಂದು ಆಗಿತ್ತು ಎಂದಿಟ್ಟುಕೊಳ್ಳಿ. 28 ವಾರ ತುಂಬುವುದು ಜುಲೈ 16ಕ್ಕೆ, 32 ತುಂಬುವುದು ಆಗಸ್ಟ್ 13ಕ್ಕೆ. ಅಜ್ಜಿಯ ಬೆರಳೆಣಿಕೆಯಲ್ಲಿ ಫೆಬ್ರುವರಿ ಒಂದನೇ ತಿಂಗಳು, ಹಾಗಾಗಿ ‘ಏಳು ತುಂಬುವುದು’ ಆಗಸ್ಟ್ ಕೊನೆಗೆ. ಅಷ್ಟರಲ್ಲಿ ವೈದ್ಯರ ಲೆಕ್ಕದಲ್ಲಿ 34 ವಾರ ದಾಟಿರುತ್ತದೆ. ಅವಳಿಗಳಲ್ಲಿ ಅರ್ಧಕ್ಕಿಂತ ಹೆಚ್ಚು 37 ವಾರದ ಒಳಗೇ ಹುಟ್ಟುತ್ತವೆ. 34 ವಾರ ದಾಟಿದ ಮೇಲೆ ಹೆಚ್ಚಿನ ಕಂಪನಿಗಳು ಅವಳಿ ಬಸುರಿಯನ್ನು ಹತ್ತಿಸಿಕೊಳ್ಳುವುದಿಲ್ಲ ಎಂದೇ ತಿಳಿಯಿರಿ.

ಇನ್ನೊಂದು ಸೂಕ್ಷ್ಮವಿದೆ. ‘32ನೇ ವಾರ ನಡೆದಿದೆ’ ಎಂದರೆ 31 ತುಂಬಿದೆ ಎಂದರ್ಥ. ‘32 ತುಂಬಿದೆ’ ಎಂದರೆ 33ನೇ ವಾರ ಶುರುವಾಗಿದೆ. ಈ ಏಳು ದಿನಗಳ ಗೊಂದಲ ಓದಿದವರಲ್ಲೂ ಇದೆ. ಮೊದಲ ಮೂರು ತಿಂಗಳ ಸ್ಕ್ಯಾನಿಂಗ್ ವರದಿಯಲ್ಲಿರುವ ಹೆರಿಗೆ ದಿನಾಂಕ ಇಟ್ಟುಕೊಂಡು ವೈದ್ಯರ ಕೈಯಲ್ಲೇ ವಾರ ಬರೆಸಿಕೊಳ್ಳಿ. ಬೆರಳು ಮಡಚಬೇಡಿ.

ಕಂಪನಿಗಳ ನಿಯಮವೂ ಒಂದೇ ಇಲ್ಲ. ಎಮಿರೇಟ್ಸ್, ಬ್ರಿಟಿಷ್ ಏರ್‌ವೇಸ್‌ಗಳಲ್ಲಿ ಅವಳಿ ಬಸುರಿಗೆ 32ನೇ ವಾರದ ಕೊನೆಯೇ ಗಡಿ. ಒಂದೇ ಕೂಸಿದ್ದರೆ 36. ಲುಫ್ತಾನ್ಸಾ ಅವಳಿ ಬಸುರಿಯನ್ನು 28ನೇ ವಾರದ ಕೊನೆಯವರೆಗೆ ಮಾತ್ರ ಒಯ್ಯುತ್ತದೆ. ನಿಯಮ ಬದಲಾಗುತ್ತಿರುತ್ತದೆ, ಟಿಕೆಟ್ ಮಾಡುವ ದಿನ ಮತ್ತೊಮ್ಮೆ ನೋಡಿ. ಟಿಕೆಟ್ ಒಂದು ಕಂಪನಿಯದು, ಹಾರಿಸುವುದು ಇನ್ನೊಂದು ಎಂಬ ವ್ಯವಸ್ಥೆಯೂ ಇರುತ್ತದೆ. ಹಾರಿಸುವವರ ನಿಯಮವನ್ನೂ ಕೇಳಿ. ನನ್ನ ಅಭಿಪ್ರಾಯ ಕೇಳಿದರೆ 26ನೇ ವಾರದೊಳಗೆ ಬಂದುಬಿಡಿ. ಕುಬಸವನ್ನು ಬಂದ ಮೇಲೆ ಯಾವಾಗ ಬೇಕಾದರೂ ಮಾಡಬಹುದು. ಹಸಿರು ಬಳೆ ಎಲ್ಲಿಗೂ ಓಡಿಹೋಗುವುದಿಲ್ಲ.

ವೈದ್ಯರ ಪತ್ರ ಇಂಗ್ಲಿಷಿನಲ್ಲಿರಲಿ, ಹೊರಡುವ ವಾರದಲ್ಲೇ ಬರೆಸಿದ್ದಾಗಿರಲಿ. ಅವಳಿ ಎಂಬುದು, ಹೆರಿಗೆ ದಿನಾಂಕ, ಪ್ರಯಾಣದ ದಿನಕ್ಕೆ ಎಷ್ಟು ವಾರ, ತೊಂದರೆ ಇಲ್ಲ, ಹಾರಬಹುದು ಎಂಬುದು, ವೈದ್ಯರ ಸಹಿ ಮತ್ತು ನೋಂದಣಿ ಸಂಖ್ಯೆ ಎಲ್ಲವೂ ಬೇಕು. ಅವಳಿ ಎಂಬುದನ್ನು ಮುಚ್ಚಿಟ್ಟು, ಸಡಿಲ ಚೂಡಿದಾರ ತೊಟ್ಟು ದಾಟಿಬಿಡಬಹುದೆಂದು ಸಲಹೆ ಕೊಡುವವರಿದ್ದಾರೆ. ಸಮುದ್ರದ ಮೇಲೆ ನೋವು ಶುರುವಾದರೆ ಆ ಸಲಹೆಗಾರರು ಪಕ್ಕದ ಸೀಟಿನಲ್ಲಿ ಇರುವುದಿಲ್ಲ.

ವಿಮಾನದಲ್ಲಿ ಮುಖ್ಯ ಭಯ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವುದು. ನಾಲ್ಕು ಗಂಟೆ ಮೀರಿದ ಪ್ರಯಾಣದಲ್ಲಿ ಅದರ ಸಾಧ್ಯತೆ ಏರುತ್ತದೆ, ಬಸುರಿಗೆ ಇನ್ನೂ ಹೆಚ್ಚು. ನಡುದಾರಿಯ ಪಕ್ಕದ ಸೀಟು ಹಿಡಿಯಿರಿ, ಗಂಟೆಗೊಮ್ಮೆ ಎದ್ದು ಓಡಾಡಿ, ಕುಳಿತಲ್ಲೇ ಪಾದ ಆಡಿಸಿ, ನೀರು ಕುಡಿಯುತ್ತಿರಿ. ಮೊಣಕಾಲವರೆಗಿನ ಬಿಗಿ ಕಾಲುಚೀಲವನ್ನು ಅಳತೆ ಕೊಟ್ಟು ಕೊಳ್ಳಿ. ಯಾರೋ ಹೇಳಿದರೆಂದು ಆಸ್ಪಿರಿನ್ ನುಂಗಬೇಡಿ, ಬಿ.ಪಿ.ಗೆ ಮುನ್ನೆಚ್ಚರಿಕೆಯಾಗಿ ವೈದ್ಯರೇ ಕೊಟ್ಟಿದ್ದರೆ ಆ ಮಾತು ಬೇರೆ, ಅದನ್ನು ನಿಲ್ಲಿಸಬಾರದು. ರಕ್ತ ತೆಳುವಾಗಿಸುವ ಇಂಜೆಕ್ಷನ್ ಬೇಕೋ ಬೇಡವೋ ಎಂಬುದೂ ಅವರದೇ ತೀರ್ಮಾನ. ಸೀಟ್ ಬೆಲ್ಟ್ ಹೊಟ್ಟೆಯ ಕೆಳಗೆ, ತೊಡೆಯ ಮೇಲೆ ಬರಲಿ.

ಬೆಂಗಳೂರಿನಲ್ಲಿ ಇಳಿದ ಕೂಡಲೇ ರಾತ್ರಿ ಬಸ್ಸು ಹತ್ತಿಸಬೇಡಿ. ಒಂದು ದಿನ ಮಲಗಲಿ. ಆಮೇಲೆ ಹುಬ್ಬಳ್ಳಿಗೆ ರೈಲೇ ವಾಸಿ, ಎದ್ದು ಓಡಾಡಬಹುದು. ಗರ್ಭಿಣಿಯರಿಗೆ ಕೆಳ ಬರ್ತ್ ಕೋಟಾ ಇದೆ. ಗುಡಗೇರಿ ಸ್ಟೇಶನ್ನಿನಲ್ಲೇ ಇಳಿಸಬೇಕೆಂಬ ಹಟ ಬೇಡ. ಅವಳಿ ಹೆರಿಗೆ ಊರಲ್ಲಿ ಆಗುವಂಥದ್ದಲ್ಲ. ಹಿಂದೆ ಕಿಮ್ಸ್ ಎನಿಸಿದ್ದ ಕೆಎಂಸಿ-ಆರ್‌ಐನಂಥ, ನವಜಾತ ಶಿಶುಗಳ ತೀವ್ರ ನಿಗಾ ಘಟಕ ಇರುವ ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಬಂದ ವಾರವೇ ಹೆಸರು ಬರೆಸಿ, ವಿದೇಶದ ಎಲ್ಲ ವರದಿ ತೋರಿಸಿ, ತಾಯಿ ಕಾರ್ಡ್ ಮಾಡಿಸಿ.

ವಿಮೆಯ ಕಾಗದದಲ್ಲಿ ಹೆರಿಗೆ ಖರ್ಚು, ಅವಧಿಗೆ ಮುನ್ನ ಹುಟ್ಟಿದ ಕೂಸಿನ ಖರ್ಚು ಸೇರಿದೆಯೇ ಎಂದು ಓದಿ, ಬಹಳಷ್ಟರಲ್ಲಿ ಇರುವುದಿಲ್ಲ. ಮರಳಿ ಹೋಗುವಾಗ ಕೂಸುಗಳಿಗೆ ಬೇರೆ ಬೇರೆ ಪಾಸ್‌ಪೋರ್ಟ್, ವೀಸಾ ಬೇಕು. ವಿಮಾನದಲ್ಲಿ ಒಬ್ಬರ ಮಡಿಲಲ್ಲಿ ಒಂದೇ ಕೂಸು ಎಂಬುದು ನಿಯಮ. ಬಾಣಂತಿ ಒಬ್ಬಳೇ ಎರಡನ್ನೂ ಮಡಿಲಲ್ಲಿ ಒಯ್ಯಲಾಗದು. ಜೊತೆಗೆ ಹೋಗಬೇಕಾದವರು ಬಹುತೇಕ ಮನೆಗಳಲ್ಲಿ ಅಜ್ಜಿಯೇ. ಅವರ ಪಾಸ್‌ಪೋರ್ಟ್‌ಗೆ ಹುಬ್ಬಳ್ಳಿಯ ಸೇವಾ ಕೇಂದ್ರದಲ್ಲಿ ಈಗಲೇ ಅರ್ಜಿ ಹಾಕಿ.