ಹೆಬ್ಬೆರಳ ನೋವಿಗೆ ಬೇಳೆ ಬಿಡಬೇಕಿಲ್ಲ

ಪ್ರಶ್ನೆ: ನನಗೆ 46 ವರ್ಷ. ಕಳೆದ ತಿಂಗಳು ನಡುರಾತ್ರಿ ಕಾಲಿನ ಹೆಬ್ಬೆರಳ ಬುಡ ಕೆಂಪಗೆ ಊದಿಕೊಂಡು, ಹೊದಿಕೆ ತಾಗಿದರೂ ಜೀವ ಹೋಗುವಂತಾಯಿತು. ಯೂರಿಕ್ ಆಸಿಡ್ 8.4 ಇದೆ, ಗೌಟ್ ಎಂದಿದ್ದಾರೆ ಡಾಕ್ಟರು. ಬೇಳೆ, ಪಾಲಕ್ ಬಿಡಬೇಕೇ?
– ಓದುಗರು, ಉಡುಪಿ

ಉತ್ತರ: ನೀವು ಪಟ್ಟ ನೋವು ಸಾಮಾನ್ಯದ್ದಲ್ಲ, ಆದರೆ ಇದು ಹತೋಟಿಗೆ ಬರುವ ಕಾಯಿಲೆ, ಧೈರ್ಯವಾಗಿರಿ. ರಕ್ತದಲ್ಲಿ ಯೂರಿಕ್ ಆಸಿಡ್ ಹೆಚ್ಚಾದಾಗ ಅದು ಸೂಜಿಯಂಥ ಹರಳುಗಳಾಗಿ ಕೀಲಿನಲ್ಲಿ ಕೂರುತ್ತದೆ. ಹೆಬ್ಬೆರಳು ದೇಹದ ತಣ್ಣಗಿನ ಭಾಗವಾದ್ದರಿಂದ ಅಲ್ಲಿ ಹರಳು ಬೇಗ ಕಟ್ಟುತ್ತದೆ.

ಬೇಳೆ ಸಾರು, ಪಾಲಕ್ ಎಂದಿನಂತೆ ಉಣ್ಣಿ. ಅವು ಗೌಟ್ ಹೆಚ್ಚಿಸುವುದಿಲ್ಲ. ಬಿಡಬೇಕಾದದ್ದು ಬಿಯರ್ ಮತ್ತಿತರ ಮದ್ಯ, ಕುರಿಯ ಲಿವರ್, ಸಿಹಿ ತಂಪು ಪಾನೀಯ. ಬೂತಾಯಿ, ಬಂಗುಡೆ, ಮಟನ್ ಕಡಿಮೆ ಮಾಡಿ. ಕೆನೆ ತೆಗೆದ ಹಾಲು, ಮಜ್ಜಿಗೆ ಒಳ್ಳೆಯದು. ನೀರು ಚೆನ್ನಾಗಿ ಕುಡಿಯಿರಿ. ತೂಕ ಹೆಚ್ಚಿದ್ದರೆ ನಿಧಾನವಾಗಿ ಇಳಿಸಿ. ಕಟ್ಟುನಿಟ್ಟಿನ ಉಪವಾಸ ನೋವನ್ನು ಕೆರಳಿಸಬಹುದು.

ಪಥ್ಯದಿಂದ ಯೂರಿಕ್ ಆಸಿಡ್ ಇಳಿಯುವುದು ಸ್ವಲ್ಪವೇ. ನೋವು ಮರುಕಳಿಸಿದರೆ ಅಲೋಪ್ಯುರಿನಾಲ್‌ನಂಥ ಮಾತ್ರೆ ಬೇಕಾಗಬಹುದು. ಯೂರಿಕ್ ಆಸಿಡ್ ಗುರಿ 6ಕ್ಕಿಂತ ಕೆಳಗೆ. ನೋವು ನಿಂತಿತೆಂದು ನೀವಾಗಿಯೇ ಮಾತ್ರೆ ನಿಲ್ಲಿಸಬೇಡಿ. ಬಿಪಿ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ವೈದ್ಯರಿಗೆ ತಿಳಿಸಿ. ಅಂಥ ಕೆಲವು ಮಾತ್ರೆಗಳು ಯೂರಿಕ್ ಆಸಿಡ್ ಏರಿಸುತ್ತವೆ. ಕೀಲು ಊದಿದಾಗ ಜ್ವರವೂ ಬಂದರೆ ಅಂದೇ ಆಸ್ಪತ್ರೆಗೆ ಹೋಗಿ.